ಮಾಹಿತಿಪಟ ಸಾಕು, ಸಾಕ್ಷಿ ಬೇಕು

ಥಾಣೆಯ ನೌಪಾಡಾದ ಹಳೆಯ ಕಟ್ಟಡಗಳಲ್ಲಿ ಮರಾಠಿ, ಹಿಂದಿ, ಕನ್ನಡದ ಮನೆಗಳು ಒಂದೇ ಮಹಡಿಯಲ್ಲಿ ಸಿಗುವುದುಂಟು. ಡಾಕ್ಯುಮೆಂಟರಿ ಎಂಬ ಒಂದೇ ವಸ್ತುವಿಗೆ ಆ ಮಹಡಿಯಲ್ಲಿ ಮೂರು ಹೆಸರು. ಮರಾಠಿಯಲ್ಲಿ ಅದು ಮಾಹಿತಿಪಟ, ಹಿಂದಿಯಲ್ಲಿ ವೃತ್ತಚಿತ್ರ, ಕನ್ನಡದಲ್ಲಿ ಸಾಕ್ಷ್ಯಚಿತ್ರ. ಒಂದು ತಿಳಿಸಿಕೊಡುತ್ತದೆ, ಇನ್ನೊಂದು ವರದಿ ಒಪ್ಪಿಸುತ್ತದೆ. ಕನ್ನಡದ್ದು ಮಾತ್ರ ಕಟಕಟೆ ಹತ್ತಿ ನಿಲ್ಲುತ್ತದೆ. ಹೆಸರಿಟ್ಟವರು ಯಾರೇ ಇರಲಿ, ಕೆಲಸದ ಕಷ್ಟ ಬಲ್ಲವರೇ ಇಟ್ಟಿರಬೇಕು. ಸಾಕ್ಷಿ ಕಂಡದ್ದನ್ನು ಹೇಳಬೇಕು, ಪಾಟೀಸವಾಲಿಗೆ ಸಿಗಬೇಕು, ಹೇಳಿದ್ದರಿಂದ ಯಾರದೋ ಮುಖ ಕಪ್ಪಿಟ್ಟರೆ ಅದನ್ನೂ ತಾಳಿಕೊಳ್ಳಬೇಕು. ಮುಂಬಯಿ, ಥಾಣೆಯ ಕನ್ನಡದವರು ಪದವನ್ನು ಉಳಿಸಿಕೊಂಡಿದ್ದಾರೆ. ಪದ ಕೇಳುವ ಕೆಲಸವನ್ನು ಬಿಟ್ಟಿದ್ದಾರೆ.

ಬಿಟ್ಟದ್ದು ಆಸೆಯಿಲ್ಲದೆ ಅಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬ್ಯಾಂಕಿಗೋ, ವಿಮಾ ಕಚೇರಿಗೋ, ವಾಗಳೆ ಎಸ್ಟೇಟಿನ ಕಾರ್ಖಾನೆಗೋ ಬಂದು ಥಾಣೆಯಲ್ಲಿ ನೆಲೆ ನಿಂತ ತಲೆಮಾರಿನಲ್ಲಿ ಫಿಲ್ಮ್ ಸೊಸೈಟಿಗಳ ಗಾಳಿ ಸೋಕಿದವರು ಕಡಿಮೆಯಿರಲಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಅರ್ಜಿ ತರಿಸಿಕೊಂಡು ತುಂಬದೆ ಇಟ್ಟವರು, ಸತ್ಯಜಿತ್ ರಾಯ್ ಸಿನಿಮಾ ನೋಡಿ ಬಂದ ರಾತ್ರಿ ಇಡೀ ನಿದ್ದೆ ಬಾರದವರು, 'ಒಂದು ಡಾಕ್ಯುಮೆಂಟರಿ ಮಾಡಲೇಬೇಕು ಮಾರಾಯ' ಅಂತ ಕ್ಯಾಂಟೀನಿನಲ್ಲಿ ಮೇಜು ಕುಟ್ಟಿದವರು ಎಲ್ಲ ಕಚೇರಿಯಲ್ಲೂ ಒಬ್ಬಿಬ್ಬರು ಇದ್ದರು. ಆಮೇಲೆ ಬೆಳಗಿನ ಫಾಸ್ಟ್ ಲೋಕಲ್ ಬಂತು, ಮನೆ ಸಾಲದ ಕಂತು ಬಂತು, ತಂಗಿಯ ಮದುವೆ, ಮಗಳ ಹನ್ನೆರಡನೇ ಕ್ಲಾಸು. ಆಸೆ ಅಟ್ಟ ಸೇರಿತು. ನಿವೃತ್ತಿಯಾದ ವರ್ಷ ಮಗ ಒಳ್ಳೆಯ ಕ್ಯಾಮೆರಾದ ಮೊಬೈಲು ತಂದುಕೊಟ್ಟಾಗ ಅದು ಧೂಳು ಕೊಡವಿಕೊಂಡು ಕೆಳಗಿಳಿಯುತ್ತದೆ.

ಇಳಿಯುವುದು ಸಂತೋಷವೇ. ಆದರೆ ಯಾವ ವೇಷದಲ್ಲಿ ಇಳಿಯುತ್ತದೆ? ಮೊದಲು ಮೊಬೈಲು ಅಲುಗದಂತೆ ಹಿಡಿಯುವ ಗಿಂಬಲ್ ಬರುತ್ತದೆ. ಆಮೇಲೆ ಡ್ರೋನಿನ ವಿಚಾರಣೆ. ಊರಿನ ಜಾತ್ರೆಗೆ, ಕೋಲಕ್ಕೆ, ಜೀರ್ಣೋದ್ಧಾರವಾದ ದೇವಸ್ಥಾನದ ಬ್ರಹ್ಮಕಲಶಕ್ಕೆ ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಆಗುತ್ತದೆ. ತೆಂಗಿನ ತೋಟದ ಮೇಲಿಂದ ಹಾರುವ ಒಂದು ನೋಟ, ಕೊಳಲು, ಆಕಾಶವಾಣಿಯ ಹಳೆಯ ಸುದ್ದಿ ಓದುವವರನ್ನು ನೆನಪಿಸುವ ಒಂದು ಕಂಠ: 'ಪ್ರಕೃತಿ ಸೌಂದರ್ಯದ ಮಡಿಲಲ್ಲಿ ಕಂಗೊಳಿಸುತ್ತಿರುವ ಈ ಪುಣ್ಯಕ್ಷೇತ್ರವು...' ಹದಿನೆಂಟು ನಿಮಿಷ. ಕೊನೆಯಲ್ಲಿ ದಾನಿಗಳ ಹೆಸರು. ಯೂಟ್ಯೂಬಿಗೆ ಏರಿಸಿ ಮೂರು ವಾಟ್ಸಾಪ್ ಗುಂಪಿಗೆ ಹಾಕಿದರೆ ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ. ನಲವತ್ತು ವರ್ಷ ಬಾಳಿದ ಊರಿನ ಬಗ್ಗೆ ಅದರಲ್ಲಿ ಒಂದು ಚೌಕಟ್ಟೂ ಇಲ್ಲ. ನಲವತ್ತು ವರ್ಷದ ಹಿಂದೆ ಬಿಟ್ಟು ಬಂದ ಊರಿನ ಸ್ತೋತ್ರ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇಷ್ಟು ಒಳ್ಳೆಯ ಉದಾಹರಣೆ ಬೇರೆ ಹುಡುಕಬೇಕಿಲ್ಲ.

ಇದನ್ನು ಹವ್ಯಾಸಿಗಳ ಮೇಲಿನ ತಾತ್ಸಾರ ಎಂದುಕೊಳ್ಳುವುದು ಬೇಡ. ಈ ದೇಶದಲ್ಲಿ ಸಾಕ್ಷ್ಯಚಿತ್ರ ಶುರುವಾದದ್ದೇ ಹವ್ಯಾಸಿಯಿಂದ. ಫೋಟೊ ಕಸುಬಿನ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್, ಅಂದರೆ ಸಾವೆ ದಾದಾ, 1896ರಲ್ಲಿ ಲುಮಿಯೇರ್ ಸೋದರರ ಚಿತ್ರಗಳು ಮುಂಬಯಿಗೆ ಬಂದ ಮೇಲೆ ತಾವೂ ಒಂದು ಕ್ಯಾಮೆರಾ ತರಿಸಿ, 1899ರಲ್ಲಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ಸಿನಲ್ಲಿ ನಡೆದ ಒಂದು ಕುಸ್ತಿಯನ್ನು ಚಿತ್ರಿಸಿದರು. ದೇವಸ್ಥಾನವಲ್ಲ, ಅರಮನೆಯಲ್ಲ, ತಮ್ಮದೇ ಪಟ್ಟಣದ ಇಬ್ಬರು ಪೈಲ್ವಾನರು. ನೌಪಾಡಾದ ನಿವೃತ್ತರ ಕೈಯಲ್ಲಿ ಇಂದಿರುವ ಸಲಕರಣೆಯ ಎದುರು ಸಾವೆ ದಾದಾರ ಪೆಟ್ಟಿಗೆ ಆಟಿಕೆ. ಆದರೂ ಅವರಿಗೆ ಮನೆಯ ಹತ್ತಿರದ್ದು ಕಂಡಿತ್ತು.

ಅಟ್ಟ ಸೇರಿದ ಕಾಲದಲ್ಲಿ ಆಸೆಗೆ ನಿಜವಾದ ಅಡ್ಡಿ ಇತ್ತು ಎಂಬುದನ್ನು ಒಪ್ಪಲೇಬೇಕು. 16 ಎಂ.ಎಂ. ಕ್ಯಾಮೆರಾದಲ್ಲಿ 400 ಅಡಿಯ ಒಂದು ಸುರುಳಿ ಓಡುವುದು ಹನ್ನೊಂದು ನಿಮಿಷ. ಸುರುಳಿ ಹೊರದೇಶದಿಂದ ಬರಬೇಕು, ತೊಳೆಯಲು ಲ್ಯಾಬಿಗೆ ಕೊಡಬೇಕು, ಧ್ವನಿಗೆ ಬೇರೆ ಯಂತ್ರ, ಜೋಡಿಸಲು ಬಾಡಿಗೆಯ ಸ್ಟೀನ್‌ಬೆಕ್ ಮೇಜು. ಒಬ್ಬ ಗುಮಾಸ್ತನ ಸಂಬಳದಲ್ಲಿ ಆಗುವ ಮಾತಲ್ಲ. ಸಾಕ್ಷ್ಯಚಿತ್ರ ಎಂದರೆ ಸರ್ಕಾರ ಎಂದೇ ಅರ್ಥ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಮುಂಬಯಿಯ ಪೆಡ್ಡರ್ ರಸ್ತೆಯಲ್ಲಿ ಕೂತು ಚಿತ್ರ ಮಾಡುತ್ತಿತ್ತು. ಅದನ್ನು ಮುಖ್ಯ ಸಿನಿಮಾಕ್ಕೆ ಮೊದಲು ತೋರಿಸಲೇಬೇಕೆಂಬುದು ಥಿಯೇಟರುಗಳ ಲೈಸೆನ್ಸಿನ ಶರತ್ತು. ಹಾಗಾಗಿ ಕಡಲೆಕಾಯಿ ಪೊಟ್ಟಣ ಬಿಚ್ಚುವ, ಸೀಟು ಹುಡುಕುವ ಹೊತ್ತಿನಲ್ಲಿ ಅಣೆಕಟ್ಟು, ಸಿಡುಬು, ಕುಟುಂಬ ಯೋಜನೆ ತೆರೆಯ ಮೇಲೆ ಸರಿದುಹೋದವು. ಮಾತೆಲ್ಲ ಕಾಣದ ಕಂಠದ್ದು. ತೆರೆಯ ಮೇಲಿನ ರೈತ ಬಾಯಿ ಆಡಿಸುತ್ತಿದ್ದ. ಅವನು ಏನು ಹೇಳಿದ ಎಂಬುದು ಯಾರಿಗೂ ಕೇಳಿಸುತ್ತಿರಲಿಲ್ಲ. ಈಗಿನ ನಿವೃತ್ತರ ಕಿವಿಯಲ್ಲಿ ಸಾಕ್ಷ್ಯಚಿತ್ರವೆಂದರೆ ಇವತ್ತಿಗೂ ಆ ಕಂಠವೇ. 'ಪುಣ್ಯಕ್ಷೇತ್ರವು' ಎನ್ನುವಾಗ ಮೊಬೈಲಿನಲ್ಲಿ ಮಾತಾಡುವುದು 1965ರ ಫಿಲ್ಮ್ಸ್ ಡಿವಿಷನ್ನು.

ತಮಾಷೆಯೆಂದರೆ ಆ ಕಂಠವನ್ನು ಅದೇ ಕಟ್ಟಡದೊಳಗಿನವರೇ ಆಗಲೇ ಮುರಿದಿದ್ದರು. ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ 'ಐ ಆ್ಯಮ್ 20' ಮಾಡಿದರು. ಸ್ವಾತಂತ್ರ್ಯದ ವರ್ಷದಲ್ಲಿ ಹುಟ್ಟಿ ಇಪ್ಪತ್ತು ತುಂಬಿದ ಹುಡುಗ ಹುಡುಗಿಯರ ಎದುರು ಕ್ಯಾಮೆರಾ ಇಟ್ಟು ಅವರನ್ನೇ ಮಾತಾಡಲು ಬಿಟ್ಟರು. ದೇಶದ ಬಗ್ಗೆ ಉತ್ಸಾಹ ಇದ್ದವರು, ಇಲ್ಲದವರು, ಹೊಟ್ಟೆಪಾಡಿನ ಆಚೆಗೆ ಯೋಚಿಸಲು ಬಿಡುವಿಲ್ಲದವರು ಎಲ್ಲರೂ ಅದರಲ್ಲಿ ತಮ್ಮ ತಮ್ಮ ದನಿಯಲ್ಲೇ ಇದ್ದಾರೆ. ಮರುವರ್ಷ 'ಆ್ಯಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್' ಎಂಬ ಇನ್ನೊಂದು ಚಿತ್ರದಲ್ಲಿ, ಇಂಥ ಕಿರುಚಿತ್ರ ಮಾಡುವ ಕಸುಬನ್ನೇ ಹಿಡಿದು ಕಾಲೆಳೆದರು. ಸುಖದೇವ್, ಪ್ರಮೋದ್ ಪತಿ ಕೂಡ ಅದೇ ಕಾಲದವರು. ಸರ್ಕಾರಿ ಸಂಬಳ ಪಡೆಯುತ್ತ, ಸರ್ಕಾರಿ ಸುರುಳಿ ಖರ್ಚು ಮಾಡುತ್ತ ಇಷ್ಟು ಮಾಡಿದವರಿದ್ದಾಗ, ಯಾರ ಹಂಗೂ ಇಲ್ಲದ ಪಿಂಚಣಿದಾರರು ಕಾಣದ ಕಂಠಕ್ಕೆ ಜೋತು ಬಿದ್ದಿರುವುದು ಏಕೆ?

ಅಭ್ಯಾಸಬಲ ಎನ್ನಬಹುದು. ಆದರೆ ಅಭ್ಯಾಸಕ್ಕಿಂತ ಗಟ್ಟಿಯಾದ ಕಾರಣ ಇದೆ. ಎದುರಿಗಿನವರನ್ನು ಮಾತಾಡಲು ಬಿಟ್ಟರೆ ಅವರು ಏನು ಹೇಳಿಬಿಡುತ್ತಾರೋ ಎಂಬ ಭಯ.

ನೌಪಾಡಾದಿಂದ ಕಾಲ್ನಡಿಗೆಯ ದೂರದಲ್ಲಿರುವ ಒಂದು ಹೋಟೆಲನ್ನೇ ನೋಡಬಹುದು. ಥಾಣೆಯ ಮಾಮಲೇದಾರ್ ಮಿಸಳ್ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ತಹಶೀಲ್ದಾರರ ಕಚೇರಿಯ ಮಗ್ಗುಲಲ್ಲಿ ಶುರುವಾದ್ದರಿಂದ ಆ ಹೆಸರು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು, 1946ರಲ್ಲಿ ಅದನ್ನು ಶುರು ಮಾಡಿದ್ದು ಮುರ್ಡೇಶ್ವರ ಎಂಬ ಅಡ್ಡಹೆಸರಿನ ಕುಟುಂಬ. ಉತ್ತರ ಕನ್ನಡದ ಕರಾವಳಿಯಿಂದ ಬಂದವರು ಮರಾಠಿಗರ ಅತ್ಯಂತ ಮರಾಠಿ ತಿಂಡಿಯನ್ನು, ಅದೂ ನಾಲಿಗೆ ಸುಡುವ ಖಾರದ್ದನ್ನು, ಮರಾಠಿಗರಿಗೇ ಬಡಿಸಿ ಹೆಸರು ಮಾಡಿದರು. ಲಕ್ಷ್ಮಣ ಮುರ್ಡೇಶ್ವರ ದಶಕಗಳ ಕಾಲ ಅದನ್ನು ನಡೆಸಿದರು, ಈಗ ಅವರಿಲ್ಲ. ಆ ಮಿಸಳಿನ ಮೇಲೆ ತಿಂಡಿ ವಿಡಿಯೊಗಳು ರಾಶಿ ಬಿದ್ದಿವೆ. ಬಹುಪಾಲಿನಲ್ಲಿ ಕೆಂಪು ರಸ, ಬೆವರುವ ಮೂಗು, 'ಏಕ್‌ದಮ್ ಝಣಝಣೀತ್'. ಮುರ್ಡೇಶ್ವರದಿಂದ ಥಾಣೆಗೆ ಬರುವ ದಾರಿ 1946ರಲ್ಲಿ ಹೇಗಿತ್ತು, ಕೊಂಕಣ ರೈಲು ಬರಲು ಇನ್ನೂ ಐವತ್ತು ವರ್ಷ ಇದ್ದಾಗ ಕರಾವಳಿಯ ಒಂದು ಕುಟುಂಬ ಹಡಗಿನಲ್ಲಿ ಬಂತೋ ಘಟ್ಟ ಹತ್ತಿ ಬಂತೋ, ಇಡ್ಲಿ ಸಾಂಬಾರ್ ಬಿಟ್ಟು ಮಿಸಳನ್ನೇ ಏಕೆ ಹಿಡಿಯಿತು, ಒಲೆಯ ಮುಂದೆ ನಿಂತವರು ಯಾವ ಭಾಷೆಯಲ್ಲಿ ಬೈದಾಡುತ್ತಿದ್ದರು ಎಂಬುದು ಒಂದು ತಟ್ಟೆಯ ವಿಡಿಯೊಗೆ ಬೇಕಾದ ಸಂಗತಿಯಲ್ಲ. ಬೇಕಾದದ್ದು ಸಾಕ್ಷ್ಯಚಿತ್ರಕ್ಕೆ. ಅದನ್ನು ಮಾಡಬಹುದಾಗಿದ್ದವರು ಅದೇ ಮಿಸಳ್ ತಿಂದು, ಮೂಗು ಒರೆಸಿಕೊಂಡು, ಊರಿನ ಬ್ರಹ್ಮಕಲಶಕ್ಕೆ ಟಿಕೆಟ್ ಮಾಡಿಸಲು ಹೋದರು.

ವಾಗಳೆ ಎಸ್ಟೇಟಿನ ಕಥೆ ಇನ್ನೂ ದೊಡ್ಡದು. 1960ರ ದಶಕದಲ್ಲಿ ಎದ್ದ ಆ ಕೈಗಾರಿಕಾ ವಸಾಹತಿನ ಕ್ಯಾಂಟೀನುಗಳಲ್ಲಿ ಉಡುಪಿ, ಕುಂದಾಪುರದವರು ತುಂಬಿದ್ದರು. ಶಿಫ್ಟು ಬಿಡುವ ಹೊತ್ತಿಗೆ ಸಾವಿರ ಲೋಟ ಚಹಾ ತಯಾರಿರಬೇಕಾದ ಅಡುಗೆಮನೆಗಳವು. ಎಂಬತ್ತರ ದಶಕದಿಂದಾಚೆ ಕಾರ್ಖಾನೆಗಳು ಒಂದೊಂದಾಗಿ ಕಂತಿದವು. ಥಾಣೆಯಲ್ಲಿ 1925ರಿಂದ ನಡೆದಿದ್ದ ರೇಮಂಡ್ ಗಿರಣಿಯೂ 2009ರ ಸುಮಾರಿಗೆ ನಿಂತು ಆ ಜಾಗದಲ್ಲಿ ವಸತಿ ಗೋಪುರಗಳು ಬಂದವು. ಕಾರ್ಮಿಕರ ಮುಷ್ಕರ, ಲಾಕೌಟುಗಳ ಬಗ್ಗೆ ಮರಾಠಿಯಲ್ಲಿ ಒಂದಿಷ್ಟು ಬರವಣಿಗೆ ಇದೆ. ಆದರೆ ಲಾಕೌಟ್ ಆದ ದಿನ ಕ್ಯಾಂಟೀನಿನ ಬಾಣಲೆ ಏನಾಯಿತು? ಗುತ್ತಿಗೆ ಹಿಡಿದವರಿಗೆ ಬಾಕಿ ಬಂತೇ? ಪಾತ್ರೆ ತೊಳೆಯುವ ಹುಡುಗ ಎಲ್ಲಿಗೆ ಹೋದ? ಇವನ್ನು ಬಲ್ಲವರು ಈಗ ಎಪ್ಪತ್ತೈದು, ಎಂಬತ್ತರ ಮೇಲಿನವರು. ನೌಪಾಡಾ, ಕೋಪರಿ, ಡೊಂಬಿವಲಿಯ ಮನೆಗಳಲ್ಲಿ ಟಿವಿಯ ಎದುರು ಕೂತಿದ್ದಾರೆ. ಅವರು ಕೂತಿರುವ ಕಟ್ಟಡಗಳೂ ಪುನರ್ನಿರ್ಮಾಣದ ಸರದಿಯಲ್ಲಿವೆ. ಬಿಲ್ಡರನ ಕಾಗದಕ್ಕೆ ಸಹಿ ಬಿದ್ದರೆ ಮೂರು ವರ್ಷ ಬಾಡಿಗೆ ಮನೆ. ಎಂಬತ್ತರ ವಯಸ್ಸಿಗೆ ಮೂರು ವರ್ಷ ಸಣ್ಣ ಅವಧಿಯಲ್ಲ.

ಇದೇ ಹಿರಿಯರನ್ನು ಕನ್ನಡ ಸಂಘಗಳು ಮರೆತಿವೆ ಎಂದರೆ ಸುಳ್ಳಾಗುತ್ತದೆ. ಮರೆತಿಲ್ಲ, ಸನ್ಮಾನ ಮಾಡುತ್ತವೆ. ಮುಂಬಯಿಯಿಂದ ಕಲ್ಯಾಣದವರೆಗೆ ಚಳಿಗಾಲದ ಯಾವ ಭಾನುವಾರ ಹೊರಟರೂ ಒಂದಾದರೂ ವೇದಿಕೆಯಲ್ಲಿ ಒಬ್ಬ ಹಿರಿಯರಿಗೆ ಪೇಟ ಸುತ್ತುತ್ತಿರುತ್ತಾರೆ. ಶಾಲು, ಹಾರ, ಫಲಪುಷ್ಪ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ, ಸನ್ಮಾನಪತ್ರ ವಾಚನ. ಎರಡು ಕ್ಯಾಮೆರಾ ಪೂರ್ತಿ ಮೂರು ಗಂಟೆ ಓಡುತ್ತವೆ. ಅದರಲ್ಲಿ ಎರಡೂವರೆ ಗಂಟೆ ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ನುಡಿ. ಸನ್ಮಾನಿತರ ಪಾಲಿಗೆ ಐದು ನಿಮಿಷ. ಆ ಐದರಲ್ಲೂ ಸಂಘಕ್ಕೆ ಕೃತಜ್ಞತೆ ಹೇಳಿ ಮುಗಿಯಬೇಕು, ಯಾಕೆಂದರೆ ಊಟ ಆರುತ್ತಿರುತ್ತದೆ. 'ಅತ್ಯಂತ ಕಷ್ಟದಿಂದ ಮೇಲೆ ಬಂದ ಶ್ರೀಯುತರು' ಎಂದು ಸನ್ಮಾನಪತ್ರ ಹೇಳುತ್ತದೆ. ಯಾವ ಕಷ್ಟ ಎಂದು ಯಾರೂ ಕೇಳುವುದಿಲ್ಲ. ಸಲಕರಣೆಯೂ ಇದೆ, ಹಣವೂ ಇದೆ, ಹಿರಿಯರೂ ಎದುರಿಗೇ ಇದ್ದಾರೆ. ಮದುವೆಯ ಎಲ್ಲ ಏರ್ಪಾಡೂ ಆಗಿ ಗಂಡೇ ಇಲ್ಲದ ಮಂಟಪ ಇದು.

ಯಾವ ಕಷ್ಟ ಎಂದು ಕೇಳಿದರೆ ಬರುವ ಉತ್ತರ ವೇದಿಕೆಗೆ ಹೊಂದುವುದಿಲ್ಲ. ಹೋಟೆಲು ಉದ್ಯಮದ ಮೂಲಕ ಮುಂಬಯಿ ಗೆದ್ದ ಕರಾವಳಿಯ ಕಥೆ ಎಲ್ಲರಿಗೂ ಬಾಯಿಪಾಠ: ಬರಿಗೈಯಲ್ಲಿ ಬಂದ ಹುಡುಗ, ಟೇಬಲು ಒರೆಸಿದ, ರಾತ್ರಿ ಶಾಲೆಯಲ್ಲಿ ಓದಿದ, ಗಲ್ಲಾದ ಮೇಲೆ ಕೂತ, ಮಾಲೀಕನಾದ. ಸುಳ್ಳಲ್ಲ. ರಾತ್ರಿ ಶಾಲೆಗಳು ನಿಜಕ್ಕೂ ಒಂದು ಸಮುದಾಯವನ್ನು ಎತ್ತಿ ನಿಲ್ಲಿಸಿದವು. ಆ ಮಾತಿಗೆ ಎರಡಿಲ್ಲ. ಆದರೆ ಆ ಹುಡುಗನಿಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಅವನು ಮಲಗಿದ್ದು ಅದೇ ಟೇಬಲಿನ ಮೇಲೆ. ಅವನ ಸಂಬಳ ಊರಿನ ಅಪ್ಪನ ಸಾಲಕ್ಕೆ ಜಮೆಯಾಗುತ್ತಿತ್ತೋ, ಮಾಲೀಕರ ಡಬ್ಬಿಯಲ್ಲೇ ಉಳಿಯಿತೋ? ಟೇಬಲು ಒರೆಸಿದ ಹತ್ತು ಮಂದಿಯಲ್ಲಿ ಗಲ್ಲಾ ತನಕ ಬಂದವರು ಎಷ್ಟು? ಬಾರದವರು ಎಲ್ಲಿ? 1986ರ ಬಾಲಕಾರ್ಮಿಕ ಕಾಯ್ದೆಯ ಪಟ್ಟಿಗೆ ಹೋಟೆಲು, ಢಾಬಾಗಳು ಸೇರಿದ್ದು 2006ರ ಅಕ್ಟೋಬರಿನಲ್ಲಿ. ಅಲ್ಲಿಯತನಕ ಅದು ಅಪರಾಧವೇ ಆಗಿರಲಿಲ್ಲ ಎಂದು ವಾದಿಸಬಹುದು. ಆ ವಾದವೂ ಕ್ಯಾಮೆರಾದ ಎದುರು ಬರಲಿ. ಟೇಬಲು ಒರೆಸಿದವನೂ ಒರೆಸಿಸಿಕೊಂಡವನೂ ಒಂದೇ ಊರಿನವರು, ಎಷ್ಟೋ ಸಲ ನೆಂಟರು. 'ಮಾಣಿ' ಎಂದು ಕರೆಸಿಕೊಂಡವನಿಗೆ ಈಗ ಎಪ್ಪತ್ತೆಂಟು, ಕರೆದವರ ಮಗ ಸಂಘದ ದಾನಿ. ಸಾಕ್ಷ್ಯಚಿತ್ರ ಆಗದೆ ಇರುವುದಕ್ಕೆ ಹಣ ಇಲ್ಲದ್ದು ಕಾರಣವಲ್ಲ. ಹಣ ಎಲ್ಲಿಂದ ಬರುತ್ತದೆ ಎಂಬುದು ಕಾರಣ.

ಇಂಥ ಇಕ್ಕಟ್ಟಿನಲ್ಲೂ ಸಾಕ್ಷ್ಯಚಿತ್ರ ಹೇಗೆ ಆಗುತ್ತದೆ ಎಂಬುದಕ್ಕೆ ಕರ್ನಾಟಕದೊಳಗೇ ಒಂದು ಮಾದರಿ ಇದೆ. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಎಂಬತ್ತರ ದಶಕದ ಆರಂಭದಲ್ಲಿ ಸಂಘ ಕಟ್ಟಿ ಮಾಲೀಕರ ಎದುರು ನಿಂತರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಕಟ್ಟಿಕೊಂಡಿದ್ದ ಯುಗಾಂತರ್ ಬಳಗ ಅಲ್ಲಿಗೆ ಹೋಗಿ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಚಿತ್ರ ಮಾಡಿತು. ಚಿತ್ರದ ಭಾಷೆ ಮರಾಠಿ, ಏಕೆಂದರೆ ಆ ಹೆಂಗಸರ ಮಾತು ಅದು. ಅರ್ಧ ಗಂಟೆಗೂ ಕಡಿಮೆಯ ಚಿತ್ರ. ತಂಬಾಕಿನ ಧೂಳು, ಮೂಗಿಗೆ ಕಟ್ಟಿದ ಬಟ್ಟೆ, ಸಭೆಯ ಗಲಾಟೆ, ನಗು. ಹೆಂಗಸರು ಏನು ಹೇಳಬೇಕು ಎಂಬುದನ್ನು ಬಳಗ ಬರೆದುಕೊಡಲಿಲ್ಲ. ಅವರ ಜೊತೆ ಕೂತು, ಕೇಳಿ, ಅವರ ಮಾತಿನಿಂದಲೇ ಚಿತ್ರ ಕಟ್ಟಿತು. ದಶಕಗಳ ಮೇಲೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಈ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಉಳಿಸಿತು ಎಂಬುದು ಬೇರೆ ಮಾತು. ನಿಪ್ಪಾಣಿಯ ತಂಬಾಕು ಹೆಂಗಸರ ದನಿಯನ್ನು ಕಾಯಲು ಬರ್ಲಿನ್ ಬೇಕಾಯಿತು. ಕರ್ನಾಟಕದ ಅಕಾಡೆಮಿಗಳ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಅವರೆಲ್ಲ ಪೂರ್ಣಾವಧಿಯವರು, ನಮ್ಮ ಹೊಟ್ಟೆಪಾಡು ಬೇರೆ ಎಂಬ ಮಾತು ಬರುತ್ತದೆ. ಬರಲಿ. ಅದಕ್ಕೆ ಉತ್ತರ ಥಾಣೆಯಲ್ಲೇ ಇದೆ. ಚಿತ್ರಕಾರ ಸುಧೀರ್ ಪಟವರ್ಧನ್ 1975ರಿಂದ 2005ರವರೆಗೆ ಥಾಣೆಯಲ್ಲಿ ರೇಡಿಯಾಲಜಿಸ್ಟ್. ಮೂವತ್ತು ವರ್ಷ ಬೆಳಗಾದರೆ ಜನರ ಎಕ್ಸ್‌ರೇ ನೋಡಿದ ಮನುಷ್ಯ, ಅದೇ ಮೂವತ್ತು ವರ್ಷ ಅದೇ ಜನರನ್ನು ಬರೆದರು: ಇರಾನಿ ಹೋಟೆಲಿನಲ್ಲಿ ಕೂತ ಕೂಲಿ, ರೈಲಿನಲ್ಲಿ ಜೋತಾಡುವ ಹೆಗಲುಗಳು, ಗುಡ್ಡ ಕಡಿದು ಎಬ್ಬಿಸುತ್ತಿರುವ ಕಟ್ಟಡಗಳ ಥಾಣೆ. ನಿವೃತ್ತಿಯಾಗಲಿ ಎಂದು ಕಾಯಲಿಲ್ಲ, ಬರೆಯಲು ಮಹಾಬಲೇಶ್ವರಕ್ಕೆ ಹೋಗಲಿಲ್ಲ. ಅವರ ಮತ್ತು ಕವಿ ನಾರಾಯಣ ಸುರ್ವೆಯವರ ಮೇಲೆ ಅಂಜಲಿ ಮೊಂಟೆರೊ, ಕೆ.ಪಿ. ಜಯಶಂಕರ್ 2001ರಲ್ಲಿ 'ಸಾಚಾ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಇಬ್ಬರ ಕೃತಿಯ ಬೆನ್ನಿಗೆ ಗಿರಣಿಗಳ ಮುಂಬಯಿಯೂ ಅದರಲ್ಲಿದೆ. ಥಾಣೆಯ ಬೀದಿಯಲ್ಲಿ ನೋಡುವಂಥದ್ದು ಏನಿದೆ ಎನ್ನುವವರು ಪಟವರ್ಧನರ ಕ್ಯಾನ್ವಾಸುಗಳನ್ನು ಒಮ್ಮೆ ನೋಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಅದೇ ನೆಲದ ಮೇಲೆ ಪಕ್ಕದ ಬೀದಿಯವರು ಕುಣಿದು ತೋರಿಸಿದ್ದಾರೆ.

ಕನ್ನಡದಲ್ಲೂ ಬರವಣಿಗೆಯ ಮಟ್ಟಿಗೆ ಈ ಕೆಲಸ ಆಗಿದೆ. ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು, ಜಯಂತ ಕಾಯ್ಕಿಣಿಯವರು ನೌಕರಿ ಮಾಡುತ್ತಲೇ ಮುಂಬಯಿಯನ್ನು ಕನ್ನಡಕ್ಕೆ ತಂದರು. ಅವರ ಕಥೆಗಳನ್ನು ಓದಿದವರಿಗೆ ಮುಂಬಯಿಯ ಕನ್ನಡದವನು ಹೇಗೆ ಬೆವರುತ್ತಾನೆ, ಹೇಗೆ ಹೆದರುತ್ತಾನೆ ಎಂಬುದು ಗೊತ್ತು. ಅದರ ಪಕ್ಕದಲ್ಲಿ ಇಡಬಹುದಾದ ಸಾಕ್ಷ್ಯಚಿತ್ರಗಳ ಸಾಲು ಎಲ್ಲಿ? ಕಥೆಗೆ ಹೆಸರು ಬದಲಿಸುವ ಅನುಕೂಲ ಉಂಟು. ಚಿತ್ರದಲ್ಲಿ ಮುಖ ಕಾಣುತ್ತದೆ. ಅಲ್ಲೇ ಎಲ್ಲರ ಕಾಲೂ ಹಿಂದೆ ಸರಿಯುವುದು.

ದೊಡ್ಡವರ ವಿಷಯದಲ್ಲೂ ಹೊತ್ತಿನ ಲೆಕ್ಕ ಒಂದೇ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ ಕವಿಗೆ ಎಪ್ಪತ್ತಾರು. ಇನ್ನು ಒಂಬತ್ತು ವರ್ಷ ಇದ್ದರು. ಆ ನಡಿಗೆ, ಆ ಕೈಯಾಟ, ಮಾತಿನ ಆ ಏರಿಳಿತ ಇವತ್ತು ನೋಡಸಿಗುವುದು ಆಗ ಒಬ್ಬರು ಹೋಗಿ ಕ್ಯಾಮೆರಾ ಇಟ್ಟಿದ್ದಕ್ಕೆ. ಮುಂಬಯಿಯಲ್ಲಿ ನೆಲೆಸಿದ ರಾಮಚಂದ್ರ ಪಿ.ಎನ್. ಅವರು ಫಿಲ್ಮ್ಸ್ ಡಿವಿಷನ್ನಿಗಾಗಿ ಬಿ.ವಿ. ಕಾರಂತರ ಮೇಲೆ 'ಬಾಬಾ' ಮಾಡಿದ್ದು 2012ರಲ್ಲಿ. ಕಾರಂತರು ತೀರಿಕೊಂಡು ಹತ್ತು ವರ್ಷವಾಗಿತ್ತು. ಒಡನಾಡಿಗಳ ನೆನಪಿನಿಂದ ಒಬ್ಬ ಮನುಷ್ಯನನ್ನು ಮತ್ತೆ ಕಟ್ಟುವ ಕೆಲಸ ದೊಡ್ಡದೇ, ಅಗತ್ಯದ್ದೇ. ಆದರೆ ಕಾರಂತರಿಗೆ ಒಡನಾಡಿಗಳಿದ್ದರು, ಹಾಡಿನ ಧ್ವನಿಮುದ್ರಿಕೆಗಳಿದ್ದವು, ಪತ್ರಿಕೆಯ ಫೋಟೊಗಳಿದ್ದವು. ವಾಗಳೆ ಎಸ್ಟೇಟಿನ ಕ್ಯಾಂಟೀನಿನವರು ಹೋದರೆ ಹೋದರು. ಅವರ ಗುರುತಾಗಿ ಉಳಿಯುವುದು ಗೋಡೆಯ ಮೇಲೆ ಹಾರ ಹಾಕಿದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ.

ಯಾರು ನೋಡುತ್ತಾರೆ ಎಂಬ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ನೋಡಿಸುವ ಪ್ರಯತ್ನ ಮಾಡಿದವರಲ್ಲ. 2004ರಲ್ಲಿ ಮುಂಬಯಿ ಅಂತರರಾಷ್ಟ್ರೀಯ ಚಿತ್ರೋತ್ಸವ ಭಾರತದ ಸಾಕ್ಷ್ಯಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕೆಂದು ಹಟ ಹಿಡಿದದ್ದಕ್ಕೆ ನಿರ್ಮಾಪಕರು ಸೆಣಸಿದರು. ಶರತ್ತು ಹಿಂದೆ ಸರಿದರೂ ಆಯ್ಕೆಯಲ್ಲಿ ಹಲವು ಚಿತ್ರಗಳು ಬಿದ್ದುಹೋದಾಗ, ಉತ್ಸವದ ಹೊತ್ತಿಗೇ ಪಕ್ಕದಲ್ಲೇ 'ವಿಕಲ್ಪ' ಎಂಬ ಸ್ವಂತ ಉತ್ಸವ ನಡೆಸಿದರು. ಜನ ಬಂದರು. ಅವರಿಗೆ ಸಭಾಂಗಣ ಹುಡುಕಬೇಕಿತ್ತು. ಕನ್ನಡ ಸಂಘಗಳಿಗೆ ಸಭಾಂಗಣ, ಪ್ರೊಜೆಕ್ಟರು, ಸದಸ್ಯರ ಪಟ್ಟಿ, ಉಪ್ಪಿಟ್ಟು ಕೇಸರಿಬಾತಿನ ವ್ಯವಸ್ಥೆ ಎಲ್ಲ ತಯಾರಿದೆ. 1948ರಿಂದ ನಡೆದ ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಸರ್ಕಾರ ಮಾಡುತ್ತದೆ, ಸರ್ಕಾರ ತೋರಿಸುತ್ತದೆ ಎಂದು ಕಾಯುವ ಕಾಲವೂ ಅದರೊಂದಿಗೆ ಮುಗಿದಂತೆ.

ಕಲಿಕೆಯ ಮಾತು. ವಾರಾಂತ್ಯದ ಕೋರ್ಸುಗಳು ಲೈಟಿಂಗು, ಲೆನ್ಸು ಕಲಿಸುತ್ತವೆ, ಕಲಿತರೆ ನಷ್ಟವಿಲ್ಲ. ನೌಪಾಡಾದ ಒಂದು ಹಾಲಿನಲ್ಲಿ ಎಂಬತ್ತರ ದೊಡ್ಡಪ್ಪನನ್ನು ಮಾತಾಡಿಸಲು ಬೇಕಾದದ್ದು ಅದಕ್ಕಿಂತ ಕಮ್ಮಿ. ಕೊರಳಿಗೆ ಸಿಕ್ಕಿಸುವ ಒಂದು ಮೈಕು. ಫ್ಯಾನು ಆರಿಸುವ ಧೈರ್ಯ, ಏಕೆಂದರೆ ಮೇ ತಿಂಗಳಲ್ಲಿ ಅದು ಧೈರ್ಯವೇ. ಕುಕ್ಕರಿನ ಸೀಟಿ ನಿಲ್ಲುವ ತನಕ ಕಾಯುವ ತಾಳ್ಮೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿದರೆ ಲೈಟಿಂಗ್ ಮುಗಿಯಿತು. 'ನಿಮ್ಮ ಜೀವನದ ಬಗ್ಗೆ ಹೇಳಿ ದೊಡ್ಡಪ್ಪ' ಎಂದರೆ ಸನ್ಮಾನಪತ್ರವೇ ಹೊರಬರುತ್ತದೆ. 'ಬೊಂಬಾಯಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ರಿ?' ಎಂದು ಕೇಳಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ದೊಡ್ಡಪ್ಪ ತುಳುವಿಗೆ ಹೊರಳಿದರೆ ತುಳು, ಕುಂದಗನ್ನಡವಾದರೆ ಅದೇ, ಅರ್ಧ ಮರಾಠಿಯಾದರೆ ಹಾಗೇ. ಗ್ರಾಂಥಿಕಕ್ಕೆ ತಿದ್ದಿದರೆ ಮತ್ತೆ ಫಿಲ್ಮ್ಸ್ ಡಿವಿಷನ್ನು. ದೊಡ್ಡಮ್ಮ ಒಳಗಿನಿಂದ 'ಅದು ಹಾಗಲ್ಲ, ಸುಳ್ಳು ಹೇಳ್ತಾರೆ' ಎಂದರೆ ಕ್ಯಾಮೆರಾ ಅಡುಗೆಮನೆಗೆ ತಿರುಗಬೇಕು. ಹೋಟೆಲಿನ ಕಥೆಯಲ್ಲಿ ಊರಲ್ಲೇ ಹತ್ತು ವರ್ಷ ಒಬ್ಬಳೇ ಕಾದ ಹೆಂಗಸರ ಪಾಲು ಇನ್ನೂ ಯಾರ ಸನ್ಮಾನಪತ್ರದಲ್ಲೂ ಸೇರಿಲ್ಲ. ಹೇಳಿದವರು ಆಮೇಲೆ 'ಆ ಭಾಗ ಬೇಡ ಮಗಾ' ಅಂದರೆ ತೆಗೆಯಬೇಕು. ಸಾಕ್ಷಿಗೆ ಆ ಹಕ್ಕಿದೆ. ದಾನಿಗೆ ಇಲ್ಲ.

ಇಷ್ಟನ್ನೂ ಮಾಡಿದರೂ ಸಂಘದ ಸದಸ್ಯರ ಪಟ್ಟಿಯೊಳಗಿನ ಕನ್ನಡವೇ ಥಾಣೆಯ ಕನ್ನಡ ಎಂದುಕೊಂಡರೆ ಅರ್ಧ ಊರು ಹೊರಗೇ ಉಳಿಯುತ್ತದೆ. ಬೆಳಿಗ್ಗೆ ಕೂಲಿ ನಾಕಾಗಳಲ್ಲಿ ಗುದ್ದಲಿ, ಬಾಂಡಲಿ ಹಿಡಿದು ಕೂತವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಊರಲ್ಲಿ ಮಳೆ ಕೈಕೊಟ್ಟ ವರ್ಷ ಬಂದವರು, ಬಂದು ಹೋಗಿ ಮಾಡುತ್ತಿರುವವರು, ಇಲ್ಲೇ ಹುಟ್ಟಿ ಎಲ್ಲೂ ಶಾಲೆಗೆ ಹೋಗದ ಮಕ್ಕಳು. ಥಾಣೆಯ ಹಳೆಯ ಕಟ್ಟಡ ಕೆಡವಿ ಹೊಸದು ಎಬ್ಬಿಸುವ ಕೈಗಳಲ್ಲಿ ಇವರ ಕೈಯೂ ಇದೆ. ಪುನರ್ನಿರ್ಮಾಣವಾದ ಕಟ್ಟಡದ ಗೃಹಪ್ರವೇಶದ ವಿಡಿಯೊದಲ್ಲಿ ಇವರು ಇರುವುದಿಲ್ಲ. ರಾಜ್ಯೋತ್ಸವದ ದಿನ ಸಭಾಂಗಣದಲ್ಲಿ ಕನ್ನಡದ ಉಳಿವಿನ ಬಗ್ಗೆ ಭಾಷಣ ನಡೆಯುವಾಗ ಹೊರಗೆ ನಾಕಾದಲ್ಲಿ ಕನ್ನಡ ಯಾರ ಸಹಾಯವೂ ಇಲ್ಲದೆ ಕೂಲಿಯ ಚೌಕಾಸಿ ಮಾಡುತ್ತಿರುತ್ತದೆ.

ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದ ನಿವೃತ್ತರಿಗೆ ಎದುರಾಗುವ ಮೊದಲ ಮಾತು ಕಲೆಯದ್ದಲ್ಲ. ಮೇಸ್ತ್ರಿ ಆಳು ಆರಿಸುವ ಹೊತ್ತು ಒಂದು ತಾಸು, ಅದು ತಪ್ಪಿದರೆ ದಿನ ಹೋಯಿತು. 'ನಿಮ್ಮ ಕೂಡ ಮಾತಾಡ್ಕೋತ ಕುಂತ್ರ ಇವತ್ತಿನ ಪಗಾರ ಯಾರ ಕೊಡಾವ್ರು ಯಜಮಾನ್ರ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೊಡಬೇಕಾದವರು ಕೊಡಲಿ. ಒಂದು ಸನ್ಮಾನದ ಶಾಲು, ಪೇಟ, ಗಾಜಿನ ಸ್ಮರಣಿಕೆಯ ಬಿಲ್ಲನ್ನು ಸಂಘದ ಖಜಾಂಚಿಗಳು ತೆಗೆದು ನೋಡಿದರೆ ಅದರಲ್ಲಿ ಎಷ್ಟು ದಿನದ ಪಗಾರ ಆಗುತ್ತದೆ ಎಂಬ ಲೆಕ್ಕ ಅಲ್ಲೇ ಸಿಗುತ್ತದೆ.